ಮದುವೆಯ ಹೂವು: ಕಾಣಿಕೆಯೋ, ಪ್ರದರ್ಶನವೋ?



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಕ್ರಿಸ್ಮಸ್ ಕಳೆದು ತಪಸ್ಸುಕಾಲ ಆರಂಭವಾಗುವ ತನಕ, ಮತ್ತೆ ಪಾಸ್ಖ ಹಬ್ಬ ಮುಗಿದ ಮೇಲೆ ಮೇ ತಿಂಗಳ ಕೊನೆಯವರೆಗೆ ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಗಳ ಸಾಲು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಯ ದೇವಾಲಯಗಳಲ್ಲಿ ಭಾನುವಾರದ ಪೂಜೆಗೆ ಬರುವವರನ್ನು ಒಮ್ಮೆ ಗಮನಿಸಿ. ಕಂಪ್ಯೂಟರ್ ಕಂಪನಿಯ ಇಂಜಿನಿಯರ್, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳು, ಲೇತ್ ಮೆಷಿನ್ ಮುಂದೆ ದಿನವಿಡೀ ನಿಲ್ಲುವ ಕಾರ್ಮಿಕ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದ ಸೆಕ್ಯುರಿಟಿ ಗಾರ್ಡ್, ಎಲ್ಲರೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಅವರೆಲ್ಲರ ಮಕ್ಕಳ ಮದುವೆಯೂ ಅದೇ ಬಲಿಪೀಠದ ಮುಂದೆಯೇ ನಡೆಯಬೇಕು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮದುವೆಯ ಹೂವಿನ ಅಲಂಕಾರದ ಬಗ್ಗೆ ಸ್ವಲ್ಪ ಚಿಂತಿಸೋಣ.

ಹಿಂದೆ ಮದುವೆ ಮನೆಯ ಅಲಂಕಾರವೆಂದರೆ ಚಪ್ಪರ. ನೆರೆಹೊರೆಯವರು ಸೇರಿ ಬಾಳೆಕಂಬ ನಿಲ್ಲಿಸುತ್ತಿದ್ದರು, ತೆಂಗಿನ ಗರಿ ಹೊದಿಸುತ್ತಿದ್ದರು, ಮಾವಿನ ಎಲೆಯ ತೋರಣ ಕಟ್ಟುತ್ತಿದ್ದರು. ಬಲಿಪೀಠದ ಎರಡು ಬದಿಗೆ ಎರಡು ಹೂಕುಂಡ, ವಧೂವರರಿಗೆ ಸುಗಂಧರಾಜದ ಹಾರ, ಹೆಣ್ಣುಮಕ್ಕಳ ಮುಡಿಗೆ ಮಲ್ಲಿಗೆ, ಕನಕಾಂಬರ. ಇಂದು ಡೆಕೊರೇಷನ್‌ನವರು ಮೊಬೈಲಿನಲ್ಲಿ ಆಲ್ಬಂ ತೋರಿಸುತ್ತಾರೆ. ದೇವಾಲಯದ ಬಾಗಿಲಿಗೆ ಹೂವಿನ ಕಮಾನು, ಪ್ರತಿ ಬೆಂಚಿಗೆ ಹೂಗೊಂಚಲು, ಕಾರಿಗೆ ಬೇರೆ, ಹಾಲ್‌ನ ಸ್ಟೇಜಿಗೆ ಬೇರೆ, ಫೋಟೋ ತೆಗೆಸಿಕೊಳ್ಳುವ ಜಾಗಕ್ಕೆ ಇನ್ನೊಂದು. ಥಾಯ್ಲೆಂಡಿನಿಂದ ವಿಮಾನದಲ್ಲಿ ಬಂದ ಆರ್ಕಿಡ್ ಕೂಡ ಆ ಪಟ್ಟಿಯಲ್ಲಿರುತ್ತದೆ.

ಹಾಗಾದರೆ ಹೂವು ತಪ್ಪೇ? ಖಂಡಿತ ಅಲ್ಲ. ಬಯಲಿನ ಹೂಗಳನ್ನು ನೋಡಿ ಕಲಿಯಿರಿ ಎಂದವರು ಯೇಸುಸ್ವಾಮಿಯೇ. ಅವು ದುಡಿಯುವುದಿಲ್ಲ, ನೂಲುವುದಿಲ್ಲ. ಆದರೂ ಸೊಲೊಮೋನ ಅರಸನಿಗೂ ಅಂಥ ಉಡುಪು ಇರಲಿಲ್ಲ ಎಂದು ಅವರು ಬೋಧಿಸಿದರು. ಆದರೆ ಆ ಬೋಧನೆಯನ್ನು ಅವರು ಹೇಳಿದ್ದು ಯಾರಿಗೆ? ನಾಳೆ ಏನು ಉಡೋಣ, ಏನು ತಿನ್ನೋಣ ಎಂದು ಚಿಂತೆಯಲ್ಲಿ ಬೇಯುತ್ತಿದ್ದವರಿಗೆ. ಚಿಂತೆಯನ್ನು ಕಳೆಯಲೆಂದು ಅವರು ತೋರಿಸಿದ ಹೂವೇ ಇಂದು ಮನೆಯ ಯಜಮಾನನ ನಿದ್ದೆ ಕೆಡಿಸುವಂತಾದರೆ ಎಲ್ಲಿಯೋ ದಾರಿ ತಪ್ಪಿದ್ದೇವೆ ಎಂದೇ ಅರ್ಥ.

ಧರ್ಮಸಭೆ ಹೂವನ್ನು ಪ್ರೀತಿಯಿಂದಲೇ ಬರಮಾಡಿಕೊಳ್ಳುತ್ತದೆ. ಆದರೆ ಅದಕ್ಕೊಂದು ಅಳತೆ ಇಟ್ಟಿದೆ. ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳ 305ನೆಯ ವಿಧಿಯ ಪ್ರಕಾರ ಬಲಿಪೀಠದ ಅಲಂಕಾರ ಯಾವಾಗಲೂ ಮಿತವಾಗಿರಬೇಕು. ಹೂಗಳನ್ನು ಬಲಿಪೀಠದ ಮೇಲೆ ಹೇರದೆ ಅದರ ಸುತ್ತ ಇಡಬೇಕು. ಆಗಮನಕಾಲದಲ್ಲಿ ಇನ್ನೂ ಮಿತವಾಗಿರಬೇಕು. ತಪಸ್ಸುಕಾಲದಲ್ಲಿ ಆ ಕಾಲದ ನಾಲ್ಕನೆಯ ಭಾನುವಾರ, ಮಹೋತ್ಸವಗಳು ಹಾಗೂ ಹಬ್ಬಗಳನ್ನು ಬಿಟ್ಟರೆ ಬಲಿಪೀಠಕ್ಕೆ ಹೂವಿನ ಅಲಂಕಾರವೇ ಇಲ್ಲ. ಕಾರಣ ಸರಳ. ಬಲಿಪೀಠ ಕ್ರಿಸ್ತರ ಗುರುತು. ಅದನ್ನು ಮುಚ್ಚುವ ಹೂವು, ಎಷ್ಟೇ ಸುಂದರವಾಗಿರಲಿ, ತನ್ನ ಕೆಲಸ ಮರೆತ ಹೂವು.

ಇನ್ನೊಂದು ಮಾತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಕುರಿತು ಹೊರಡಿಸಿದ ಸಂವಿಧಾನದಲ್ಲಿ, ಆರಾಧನೆಯ ವೇಳೆ ವ್ಯಕ್ತಿಗಳ ಅಂತಸ್ತು ನೋಡಿ ವಿಧಿಯಲ್ಲಾಗಲಿ ಹೊರ ಆಡಂಬರದಲ್ಲಾಗಲಿ ವಿಶೇಷ ಮನ್ನಣೆ ಕೊಡಕೂಡದು ಎಂದು ತಿಳಿಸಿತು. ಹೊನ್ನಿನುಂಗುರ ತೊಟ್ಟವನಿಗೆ ಒಳ್ಳೆಯ ಆಸನ, ಹರಕು ಬಟ್ಟೆಯವನಿಗೆ ಕಾಲ ಬಳಿ ಜಾಗ ಎಂಬ ಭೇದವನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಷ್ಟು ಕಟುವಾಗಿ ಖಂಡಿಸಿದ್ದಾರೆಂಬುದು ನಿಮಗೆ ಗೊತ್ತೇ ಇದೆ.

ಆತ್ಮೀಯರೇ, ಇಲ್ಲಿಯೇ ನಮ್ಮ ಮನಸ್ಸಾಕ್ಷಿಗೆ ನಾಟಬೇಕಾದ ವಿಷಯವಿದೆ. "ನಮ್ಮ ದುಡ್ಡು, ನಮ್ಮ ಮಗಳ ಮದುವೆ, ನಾವು ಮಾಡುತ್ತೇವೆ, ಇತರರಿಗೇನು?" ಎಂದು ಕೆಲವರು ಕೇಳುವುದುಂಟು. ಆದರೆ ಈ ಶನಿವಾರ ದೇವಾಲಯದಲ್ಲಿ ನೀವು ಕಟ್ಟಿಸಿದ ಹೂವಿನ ಕಮಾನು ಮುಂದಿನ ಶನಿವಾರದ ಮದುವೆಗೆ ಅಳತೆಗೋಲಾಗುತ್ತದೆ. ಅದನ್ನು ಕಂಡ ನೆಂಟರು ಪೀಣ್ಯದ ಕಾರ್ಮಿಕನನ್ನು ಕೇಳುತ್ತಾರೆ: "ಏನಣ್ಣ, ನಿನ್ನ ಮಗಳ ಮದುವೆಗೆ ಬಾಗಿಲಿಗೊಂದು ಹಾರವೂ ಇಲ್ಲವೇ?" ಆತ ಮರುದಿನ ಚೀಟಿ ಕೂಗುತ್ತಾನೆ. ಹೆಂಡತಿಯ ಬಳೆ ಅಡವು ಹೋಗುತ್ತದೆ. ಮದುವೆಯ ಹೆಸರಿನಲ್ಲಿ ಪಿ.ಎಫ್. ಹಣ ತೆಗೆಯಲು ಅವಕಾಶವಿದೆಯಲ್ಲ, ಮುಪ್ಪಿಗೆಂದು ಇಟ್ಟ ಆ ಗಂಟೂ ಕರಗುತ್ತದೆ. ಹೂವು ಸಂಜೆಗೆ ಬಾಡುತ್ತದೆ, ಬಡ್ಡಿ ಬಾಡುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಬಡವನಿಗೆ ಬುದ್ಧಿ ಹೇಳುವುದು ಸುಲಭ. ಅವನ ಹಾಸಿಗೆ ಗಿಡ್ಡವಾಗಿ ಕಾಣುವಂತೆ ಮಾಡಿದವರು ನಾವಲ್ಲವೇ ಎಂದು ಉಳ್ಳವರು ತಮ್ಮನ್ನು ತಾವೇ ಕೇಳಿಕೊಳ್ಳಬೇಡವೇ?

ಕಾನಾ ಊರಿನ ಮದುವೆಯನ್ನು ನೆನೆಯಿರಿ. ಸಂತ ಯೊವಾನ್ನರು ಅಲ್ಲಿದ್ದ ಆರು ಕಲ್ಲಿನ ಬಾನಿಗಳನ್ನು ಎಣಿಸಿ ಹೇಳಿದ್ದಾರೆ. ಒಂದೊಂದಕ್ಕೂ ನೂರು ಲೀಟರಿನಷ್ಟು ನೀರು ಹಿಡಿಯುತ್ತಿತ್ತು. ಚಪ್ಪರ ಹೇಗಿತ್ತು, ಹೂವು ಯಾವುದಿತ್ತು ಎಂಬುದನ್ನು ಮಾತ್ರ ಅವರು ಬರೆಯಲಿಲ್ಲ. ಬರೆದದ್ದು ಇಷ್ಟೇ: ಯೇಸು ಅಲ್ಲಿದ್ದರು, ಮಾತೆ ಮರಿಯಮ್ಮ ಅಲ್ಲಿದ್ದರು, ಆ ತಾಯಿ ಮನೆಯವರ ಕೊರತೆಯನ್ನು ಗಮನಿಸಿದರು. ಕೊರತೆಯನ್ನು ಕಂಡು ಆಡಿಕೊಳ್ಳಲಿಲ್ಲ. ಮಗನ ಬಳಿ ಹೋಗಿ ಹೇಳಿದರು. ಮದುವೆ ಮನೆಗೆ ಹೋಗುವ ನಾವೆಲ್ಲರೂ ಕಲಿಯಬೇಕಾದ ಶಿಷ್ಟಾಚಾರ ಇದೇ.

ಹಾಗೆಂದು ಹೂವನ್ನೇ ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ. ನಮ್ಮ ಆನೇಕಲ್, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಸಾವಿರಾರು ಕುಟುಂಬಗಳು ಬದುಕುವುದೇ ಹೂವಿನಿಂದ. ನಸುಕಿನಲ್ಲೇ ಎದ್ದು ಹೆಣ್ಣುಮಕ್ಕಳು ಬಿಡಿಸಿದ ಹೂವು ಕೆ.ಆರ್. ಮಾರುಕಟ್ಟೆಗೆ ಬಂದು, ಅಲ್ಲಿಂದ ನಮ್ಮ ಬೀದಿಯ ಹೂವಮ್ಮನ ಬುಟ್ಟಿ ಸೇರುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ದೇವಾಲಯ ಮುಚ್ಚಿತು, ಮದುವೆಗಳು ನಿಂತವು. ಅರಳಿದ ಹೂವನ್ನು ರೈತರು ತಿಪ್ಪೆಗೆ ಸುರಿದರು, ತೋಟವನ್ನೇ ಉತ್ತುಹಾಕಿದರು. ರಾಜ್ಯ ಸರ್ಕಾರ ಆ ಮೇ ತಿಂಗಳಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಯಂತೆ, ಒಂದು ಹೆಕ್ಟೇರಿಗೆ ಮಿತಿಗೊಳಿಸಿ, ಪರಿಹಾರ ಘೋಷಿಸಬೇಕಾಯಿತು. ಅದೇ ದಿನಗಳಲ್ಲಿ 50 ಜನರ ಮಿತಿಯೊಳಗೆ, ಒಂದು ಜೊತೆ ಹಾರದೊಂದಿಗೆ ಮದುವೆಯಾದ ದಂಪತಿಗಳೂ ಇದ್ದಾರೆ. ಅವರ ವಿವಾಹ ಸಂಸ್ಕಾರದಲ್ಲಿ ಏನಾದರೂ ಕಡಿಮೆಯಾಯಿತೇ? ಇಲ್ಲ. ಆ ಒಂದು ವರ್ಷ ನಮಗೆ ಎರಡು ಪಾಠ ಕಲಿಸಿತು: ಸಂಸ್ಕಾರಕ್ಕೆ ಹೂವಿನ ರಾಶಿ ಬೇಕಿಲ್ಲ, ಆದರೆ ಹೂವು ಬೆಳೆದವರಿಗೆ ನಾವು ಬೇಕು.

'ಹೂವಿನೊಡನೆ ನಾರೂ ಸ್ವರ್ಗ ಸೇರಿತು' ಎನ್ನುತ್ತೇವೆ. ನಮ್ಮ ಮದುವೆಯ ಹಾರದ ನಾರು ಯಾರು? ರಾತ್ರಿಯಿಡೀ ಕುಳಿತು ಮೊಳಗಟ್ಟಲೆ ಹೂವು ಕಟ್ಟಿದ ಕೈಗಳು, ಏಣಿ ಹತ್ತಿ ಕಮಾನು ಬಿಗಿದ ಹುಡುಗರು. ಅವರ ಕೂಲಿ ಅಂದೇ ಸಲ್ಲಲಿ, ಅವರಿಗೂ ಮದುವೆಯ ಊಟ ಸಿಗಲಿ.

ಮದುವೆ ಗೊತ್ತಾದ ಮನೆಯವರಿಗೆ ಕೆಲವು ಕಿವಿಮಾತುಗಳು:

1. ಡೆಕೊರೇಷನ್‌ನವರಿಗೆ ಮುಂಗಡ ಕೊಡುವ ಮೊದಲು ಧರ್ಮಕೇಂದ್ರದ ಗುರುಗಳ ಬಳಿ ಮಾತನಾಡಿ. ಬಲಿಪೀಠ, ವಾಚನಪೀಠ, ಪರಮಪ್ರಸಾದದ ಪೆಟ್ಟಿಗೆ ಇವು ಯಾವುವೂ ಹೂವಿನಿಂದ ಮರೆಯಾಗದಿರಲಿ.

2. ಒಂದೇ ದಿನ ಎರಡು ಮೂರು ಮದುವೆಗಳಿದ್ದರೆ ಎಲ್ಲ ಮನೆಯವರೂ ಸೇರಿ ಒಂದೇ ಅಲಂಕಾರ ಮಾಡಿಸಿ. ಮದುವೆ ಮುಗಿದೊಡನೆ ಕಿತ್ತೊಯ್ಯದೆ ಭಾನುವಾರದ ಪೂಜೆಗೆ ಬಿಡಿ.

3. ಆಯಾ ಕಾಲದ, ನಮ್ಮ ಸುತ್ತಲಿನ ಹೂವನ್ನೇ ಆರಿಸಿ. ಸೇವಂತಿಗೆ, ಚೆಂಡುಹೂವು, ಗುಲಾಬಿ, ಸುಗಂಧರಾಜಕ್ಕೆ ಕೊರತೆ ಇಲ್ಲ. ಪೀಣ್ಯದಾಚೆಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೇ 'ಪ್ರಜ್ವಲ್'ನಂಥ ಸುಗಂಧರಾಜದ ತಳಿಗಳನ್ನು ನಮ್ಮ ರೈತರಿಗೆ ಕೊಟ್ಟಿದೆ.

4. ಪ್ಲಾಸ್ಟಿಕ್ ಹೂವು, ಥರ್ಮಕೋಲ್ ಬೇಡ. ಹೂವು ಚುಚ್ಚಿಡುವ ಹಸಿರು ಸ್ಪಂಜು ಕೂಡ ಮಣ್ಣಿನಲ್ಲಿ ಕರಗದ ಪದಾರ್ಥ. ಪುಡಿಪುಡಿಯಾಗಿ ನೀರು ಸೇರುತ್ತದೆ. ಮಣ್ಣಿನ ಕುಂಡಕ್ಕೆ ನೀರು ತುಂಬಿದರೆ ಸಾಕು.

5. ಅಲಂಕಾರಕ್ಕೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಸಂತ ವಿನ್ಸೆಂಟ್ ದೇ ಪೌಲ್ ಸಂಘದ ಮೂಲಕವೋ ಗುರುಗಳ ಮೂಲಕವೋ ಬಡಮನೆಯ ಮದುವೆಗೆ ಕೊಡಿ. ಹೆಸರು ಹೇಳಬೇಡಿ.

6. ಉಳಿದ ಹೂವನ್ನು ಸಮಾಧಿ ಭೂಮಿಗೆ ಒಯ್ಯಿರಿ. ಮದುವೆ ನೋಡಲು ಇಲ್ಲದ ಅಜ್ಜ ಅಜ್ಜಿಯರ ಆಶೀರ್ವಾದ ನವದಂಪತಿಗೆ ಬೇಕಲ್ಲವೇ?

ದಿವಂಗತ ಪೋಪ್ ಫ್ರಾನ್ಸಿಸ್‌ರವರು 2016ರಲ್ಲಿ ಕುಟುಂಬ ಪ್ರೀತಿಯ ಕುರಿತು ಬರೆದ 'ಅಮೋರಿಸ್ ಲೆತೀಸಿಯಾ' ಪತ್ರದಲ್ಲಿ ಇದನ್ನೇ ಹೇಳಿದರು. ಉಡುಪು, ಔತಣಗಳ ಸಿದ್ಧತೆಯಲ್ಲೇ ಹಣವೂ ಶಕ್ತಿಯೂ ಮುಗಿದು ವಧೂವರರು ದಣಿದು ಬಲಿಪೀಠಕ್ಕೆ ಬರುತ್ತಾರೆ. ಇತರರಂತಾಗದೆ ಬೇರೆಯಾಗಿ ನಡೆಯುವ ಧೈರ್ಯ ತೋರಿ ಎಂದು ಅವರು ಯುವಜನರಿಗೆ ಕರೆಕೊಟ್ಟರು. ಈ ಧೈರ್ಯವನ್ನು ಉಳ್ಳವರ ಮನೆಯೇ ಮೊದಲು ತೋರಿಸಲಿ. ಆಗ ಇಲ್ಲದವರ ಮನೆಯಲ್ಲಿ ಸರಳ ಮದುವೆ ಅವಮಾನವಾಗುವುದಿಲ್ಲ. ಅದು ಧರ್ಮಕೇಂದ್ರದ ಪದ್ಧತಿಯಾಗುತ್ತದೆ.

ಹುಲ್ಲು ಒಣಗುತ್ತದೆ, ಹೂ ಬಾಡುತ್ತದೆ, ದೇವರ ವಾಕ್ಯವೊಂದೇ ಉಳಿಯುತ್ತದೆ ಎಂದು ಪ್ರವಾದಿ ಯೆಶಾಯ ಸಾರಿದ. ಬಲಿಪೀಠದ ಮುಂದೆ ವಧೂವರರು ಒಬ್ಬರಿಗೊಬ್ಬರು ಕೊಡುವ ಮಾತೂ ಅಂತೆಯೇ ಉಳಿಯಬೇಕಾದದ್ದು. ಕಾನಾದ ಮದುವೆ ಮನೆಗೆ ಬಂದ ಪ್ರಭು ನಿಮ್ಮ ಮನೆಯ ಮದುವೆಗೂ ಬರಲಿ. ಅವರು ಬಂದರೆ ಆ ಮನೆಗೆ ಬೇರೆ ಅಲಂಕಾರ ಬೇಕಿಲ್ಲ.

ಕುಟುಂಬ ಪ್ರಾರ್ಥನೆಯ ನಂತರ ಮಾತನಾಡಿಕೊಳ್ಳಲು: ನಮ್ಮ ಮನೆಯ ಮುಂದಿನ ಮದುವೆಯಲ್ಲಿ ಯಾವುದನ್ನು ಬಿಡಬಹುದು? ನಮ್ಮ ಧರ್ಮಕೇಂದ್ರದಲ್ಲಿ ಮದುವೆಯ ಸಾಲ ತೀರಿಸುತ್ತಿರುವ ಕುಟುಂಬಕ್ಕೆ ನಾವು ಸದ್ದಿಲ್ಲದೆ ಏನು ಮಾಡಬಹುದು?