ನಗುವವರ ಹೊಣೆ

ಆ ಚಿತ್ರವನ್ನು ಮೊದಲ ಸಲ ನೋಡಿದಾಗ ಗ್ರಂಥಾಲಯ ಎನ್ನುವುದನ್ನೂ ಮರೆತು ನಕ್ಕಿದ್ದೆ. ಪಕ್ಕದ ಮೇಜಿನವರು ತಲೆ ಎತ್ತಿ ನೋಡಿದರು. 1791ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಂದು ವ್ಯಂಗ್ಯಮುದ್ರಿಕೆ ಅದು. ಬರೆದವನು ಜೇಮ್ಸ್ ಗಿಲ್‌ರೇ. ಶ್ರೀರಂಗಪಟ್ಟಣದ ಕೋಟೆಯ ಮೇಲೆ ನಿಂತ ಟಿಪ್ಪು ಸುಲ್ತಾನ ಕೆಳಗೆ ಓಡುತ್ತಿರುವ ಇಂಗ್ಲಿಷ್ ಸೈನ್ಯದ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ಯುತ್ತಿದ್ದಾನೆ. ಓಡುತ್ತಿರುವವರ ನಡುವೆ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಇದ್ದಾನೆ. ಚಿತ್ರದ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ: ಮಾನ್ಸೂನುಗಳ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು.

ನಾನು ನಕ್ಕಿದ್ದಕ್ಕೆ ಕಾರಣ ಸರಳ. ಶಾಲೆಯ ಪ್ರವಾಸದಲ್ಲಿ ನೋಡಿದ ಶ್ರೀರಂಗಪಟ್ಟಣವೆಂದರೆ ನನಗೆ ಸೋಲಿನ ಊರು. ಒಡೆದ ಗೋಡೆ, ಟಿಪ್ಪು ಬಿದ್ದ ಜಾಗ, ಎಲ್ಲದಕ್ಕೂ ‘1799’ ಎಂಬ ಫಲಕ. ಅಂಥ ಊರಿನ ಗೋಡೆಯ ಮೇಲಿಂದ ಗೆದ್ದವರಿಗೆ ಹೀಗೊಂದು ಅಭಿಷೇಕವಾಗಿತ್ತು, ಅದನ್ನು ಬರೆದವನೂ ಅವರವನೇ ಎಂದು ಗೊತ್ತಾದಾಗ ಖುಷಿಯಾಗದೆ ಇರುತ್ತದೆಯೇ? ಚಿತ್ರವನ್ನು ಮೊಬೈಲಿನಲ್ಲಿ ಗೆಳತಿಗೆ ಕಳಿಸಿದೆ. ಅವಳು ನಗುವ ಮುಖದ ಜೊತೆಗೆ ಒಂದು ಪ್ರಶ್ನೆಯನ್ನೂ ಕಳಿಸಿದಳು: ‘ಇದರಲ್ಲಿ ಟಿಪ್ಪು ಯಾರ ಕಡೆ ಇದ್ದಾನೆ?’

ಆ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ. ಹದಿನೆಂಟನೇ ಶತಮಾನದ ಕೊನೆಯ ವ್ಯಂಗ್ಯಮುದ್ರಿಕೆಗಳ ಮೇಲೆ ಪಿಎಚ್‌ಡಿ ಮಾಡುತ್ತಾ ನಾಲ್ಕು ವರ್ಷ ಕಳೆದಿದ್ದೇನೆ. ಆ ಕಾಲದ ಬಗ್ಗೆ ಒಂದಿಷ್ಟು ತಿಳಿದಿದೆ. ಆದರೆ ಅಧಿಕಾರದಲ್ಲಿ ಇರುವವರನ್ನು ಹಂಗಿಸಿ ನಗುವುದು ಯಾವಾಗ ನ್ಯಾಯ, ಯಾವಾಗ ಅನ್ಯಾಯ ಎಂಬುದು ಪ್ರಬಂಧದ ಯಾವ ಅಧ್ಯಾಯದಲ್ಲೂ ಸರಿಯಾಗಿ ಕೂರುವುದಿಲ್ಲ.

ಮೊದಲು ಆ ಲೋಕದ ಬಗ್ಗೆ ಸ್ವಲ್ಪ ಹೇಳಬೇಕು. ತಾಮ್ರದ ತಗಡಿನ ಮೇಲೆ ಮೇಣದಂಥ ಪದರ ಬಳಿದು, ಅದರ ಮೇಲೆ ಸೂಜಿಯಿಂದ ಗೀಚಿ, ಆಮ್ಲದಲ್ಲಿ ಮುಳುಗಿಸಿದರೆ ಗೀಚಿದ ಗೆರೆ ಮಾತ್ರ ಕೊರೆದುಕೊಳ್ಳುತ್ತದೆ. ಅದಕ್ಕೆ ಮಸಿ ತುಂಬಿ ಕಾಗದದ ಮೇಲೆ ಒತ್ತುತ್ತಾರೆ. ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹೀಗಾಗಿ ಕಲಾವಿದ ಅಕ್ಷರವನ್ನೂ ಆಕೃತಿಯನ್ನೂ ತಿರುಗಾಮುರುಗಾ ಯೋಚಿಸಿಯೇ ಬರೆಯಬೇಕು. ಆಮೇಲೆ ಒಂದೊಂದು ಪ್ರತಿಗೂ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಇದು ಬಡವರು ಕೊಳ್ಳುವ ವಸ್ತುವಾಗಿರಲಿಲ್ಲ. ಆದರೆ ಅಂಗಡಿಯ ಕಿಟಕಿಗೆ ತೂಗುಹಾಕಿದ್ದನ್ನು ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ನಿಂತು ನೋಡಬಹುದಿತ್ತು. ಗಿಲ್‌ರೇಯ ಮುದ್ರಿಕೆಗಳನ್ನು ಮಾರುತ್ತಿದ್ದವಳು ಹ್ಯಾನಾ ಹಂಫ್ರಿ ಎಂಬ ಹೆಂಗಸು. ಅವಳ ಅಂಗಡಿಯ ಮೇಲಿನ ಕೋಣೆಯಲ್ಲೇ ಅವನ ವಾಸ. ಮೇಲೆ ತಗಡು ಕೊರೆದರೆ ಕೆಳಗೆ ಕಿಟಕಿಯ ಮುಂದೆ ಜನ.

ಆ ನಗುವಿಗೆ ಬಲವಿತ್ತು. 1783ರಲ್ಲಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಈಸ್ಟ್ ಇಂಡಿಯಾ ಕಂಪನಿಗೆ ಕಡಿವಾಣ ಹಾಕುವ ಮಸೂದೆ ತಂದ. ಜೇಮ್ಸ್ ಸೇಯರ್ಸ್ ಎಂಬವನು ಫಾಕ್ಸನನ್ನು ‘ಕಾರ್ಲೋ ಖಾನ್’ ಎಂಬ ಮೊಗಲ್ ದೊರೆಯನ್ನಾಗಿ ಮಾಡಿ, ಆನೆ ಹತ್ತಿಸಿ, ಕಂಪನಿಯ ಕಚೇರಿ ಇದ್ದ ಬೀದಿಗೆ ಮೆರವಣಿಗೆ ಹೊರಡಿಸಿದ. ಆನೆಗೆ ಫಾಕ್ಸನ ಜೊತೆಗಾರ ಲಾರ್ಡ್ ನಾರ್ತನ ಮುಖ. ಅದೇ ತಿಂಗಳು ಮಸೂದೆ ಬಿತ್ತು, ಫಾಕ್ಸ್ ಅಧಿಕಾರ ಕಳೆದುಕೊಂಡ. ಸಂಸತ್ತಿನ ಭಾಷಣಗಳಿಗಿಂತ ಸೇಯರ್ಸನ ಚಿತ್ರಗಳೇ ತನಗೆ ಹೆಚ್ಚು ಪೆಟ್ಟು ಕೊಟ್ಟವು ಎಂದು ಫಾಕ್ಸ್ ಹೇಳಿದ್ದನಂತೆ. ಗೆದ್ದ ಪಿಟ್ ಸೇಯರ್ಸನಿಗೆ ಒಂದು ಸರ್ಕಾರಿ ಹುದ್ದೆ ಕೊಟ್ಟ. ಗಿಲ್‌ರೇಯ ಕಥೆಯೂ ಹೆಚ್ಚು ಬೇರೆಯಲ್ಲ. 1797ರಿಂದ ಕೆಲವು ವರ್ಷ ಅವನಿಗೆ ಸರ್ಕಾರದಿಂದ ವರ್ಷಕ್ಕೆ 200 ಪೌಂಡಿನ ಗುಟ್ಟಿನ ಪಿಂಚಣಿ ಸಿಗುತ್ತಿತ್ತು.

ಇದನ್ನು ಓದಿದ ದಿನ ಬೇಸರವಾಗಿತ್ತು. ಅಧಿಕಾರವನ್ನು ಹಂಗಿಸುವವನು ಅಧಿಕಾರದ ಹಂಗಿನಲ್ಲೇ ಇದ್ದನಲ್ಲ ಎಂದು. ನಮ್ಮ ಭಾಷೆಯಲ್ಲಿ ‘ಹಂಗಿಸುವುದು’ ಮತ್ತು ‘ಹಂಗು’ ಎಷ್ಟು ಹತ್ತಿರ ಇವೆ ಎಂದು ಆಗ ಅನ್ನಿಸಿತು. ಆದರೆ ಹಣದ ವಿಷಯ ನನ್ನ ಪ್ರಶ್ನೆಯನ್ನು ಪೂರ್ತಿ ಬಗೆಹರಿಸುವುದಿಲ್ಲ. ಪಿಂಚಣಿ ಇಲ್ಲದೆಯೂ ಒಂದು ವ್ಯಂಗ್ಯಚಿತ್ರ ಅನ್ಯಾಯವಾಗಿರಬಹುದು. ಇದು ನನಗೆ ಓದಿನಿಂದ ತಿಳಿದದ್ದಲ್ಲ.

ಪದವಿ ಓದುವಾಗ ನಾನು ಇದ್ದ ಹಾಸ್ಟೆಲಿನಲ್ಲಿ ಊಟ ತೀರಾ ಕೆಟ್ಟಿತ್ತು. ಸಾರು ನೀರು, ಅನ್ನದಲ್ಲಿ ಕಲ್ಲು. ಮೆಸ್ಸಿನ ಹಣ ಮಾತ್ರ ವರ್ಷ ವರ್ಷ ಏರುತ್ತಿತ್ತು. ಕೇಳಿದರೆ ವಾರ್ಡನ್ ‘ನೋಡೋಣ’ ಎನ್ನುತ್ತಿದ್ದರು. ನನಗೆ ಒಂದಿಷ್ಟು ಚಿತ್ರ ಬರೆಯಲು ಬರುತ್ತಿತ್ತು. ಒಂದು ರಾತ್ರಿ ಹುಡುಗರೆಲ್ಲ ಸೇರಿ ಒತ್ತಾಯ ಮಾಡಿದರು. ಬರೆದೆ. ವಾರ್ಡನ್ನರು ಅಕ್ಕಿ ಮೂಟೆ ಹೊತ್ತು ಹಿಂಬಾಗಿಲಿನಿಂದ ಓಡುತ್ತಿದ್ದಾರೆ, ಮೂಟೆಯ ತೂತಿನಿಂದ ಕಲ್ಲುಗಳು ಮಾತ್ರ ನಮ್ಮ ತಟ್ಟೆಗೆ ಬೀಳುತ್ತಿವೆ. ಅವರ ಒಂದು ಕಾಲು ಪೋಲಿಯೋದಿಂದ ಸೊರಗಿತ್ತು, ಕುಂಟುತ್ತಿದ್ದರು. ಆ ಕಾಲನ್ನು ನಾನು ಕಡ್ಡಿಯಷ್ಟು ಸಣ್ಣ ಮಾಡಿ, ಬಳ್ಳಿಯಂತೆ ತಿರುಚಿ ಬರೆದೆ. ಯಾರನ್ನು ಬರೆದದ್ದು ಎಂದು ಒಂದೇ ನೋಟಕ್ಕೆ ತಿಳಿಯಬೇಕಲ್ಲ! ಬೆಳಿಗ್ಗೆ ಫಲಕದ ಮುಂದೆ ಹಾಸ್ಟೆಲಿಗೆ ಹಾಸ್ಟೆಲೇ ನೆರೆದು ನಗುತ್ತಿತ್ತು. ವಾರ್ಡನ್ ಬಂದರು. ಹುಡುಗರು ದಾರಿ ಬಿಟ್ಟರು. ಅವರು ಸ್ವಲ್ಪ ಹೊತ್ತು ಚಿತ್ರ ನೋಡಿದರು, ಪಿನ್ನು ಕಿತ್ತರು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೋದರು. ಯಾರು ಬರೆದದ್ದೆಂದು ಕೇಳಲಿಲ್ಲ.

ಎರಡು ವಾರದಲ್ಲಿ ಊಟ ಸುಧಾರಿಸಿತು.

ಇಲ್ಲಿಯೇ ನನಗೆ ತೊಡಕು. ಊಟ ಸುಧಾರಿಸದೆ ಹೋಗಿದ್ದರೆ ಪಶ್ಚಾತ್ತಾಪ ಸುಲಭವಾಗಿತ್ತು. ಚಿತ್ರ ಕೆಲಸ ಮಾಡಿತು. ನಮ್ಮ ದೂರು ನಿಜವಾಗಿತ್ತು. ಅವರಿಗೆ ಅಧಿಕಾರವಿತ್ತು, ನಮಗಿರಲಿಲ್ಲ. ವ್ಯಂಗ್ಯವನ್ನು ಸಮರ್ಥಿಸಲು ಪುಸ್ತಕಗಳು ಹೇಳುವ ಕಾರಣಗಳೆಲ್ಲ ನನ್ನ ಪರವಾಗಿಯೇ ಇದ್ದವು. ಆದರೂ ಆ ನಾಲ್ಕು ಮಡಿಕೆ ನನ್ನನ್ನು ಬಿಟ್ಟಿಲ್ಲ.

ಬಹಳ ದಿನ ನಾನು ಒಂದು ಸಮಾಧಾನದಿಂದ ದಿನ ತಳ್ಳಿದೆ. ಮನುಷ್ಯ ತಾನಾಗಿ ಮಾಡಿಕೊಂಡದ್ದನ್ನು ಹಂಗಿಸಬಹುದು, ಹುಟ್ಟಿನಿಂದಲೋ ರೋಗದಿಂದಲೋ ಬಂದದ್ದನ್ನು ಹಂಗಿಸಬಾರದು. 1792ರ ಬೇಸಿಗೆಯಲ್ಲಿ ಗಿಲ್‌ರೇ ಯುವರಾಜನನ್ನು ಬರೆದ ಚಿತ್ರವೊಂದಿದೆ. ಉಂಡು ಉಬ್ಬಿ ಕುರ್ಚಿಯಲ್ಲಿ ಒರಗಿ ಫೋರ್ಕಿನಿಂದ ಹಲ್ಲು ಕೆದಕುತ್ತಿರುವ ಆ ದೇಹದ ಸುತ್ತ ತೀರಿಸದ ಬಿಲ್ಲುಗಳು, ಖಾಲಿ ಬಾಟಲಿಗಳು, ಜೂಜಿನ ದಾಳಗಳು ಬಿದ್ದಿವೆ. ಅಲ್ಲಿ ಹೊಟ್ಟೆಯೇ ಲೆಕ್ಕದ ಪುಸ್ತಕ. ಅದು ಯುವರಾಜನ ನಡತೆ, ಅವನ ಸಾಲವನ್ನು ತೀರಿಸುವವರು ಪ್ರಜೆಗಳು. ಅದೇ ಗಿಲ್‌ರೇ 1803ರ ಹೊತ್ತಿಗೆ ನೆಪೋಲಿಯನ್ನನನ್ನು ದೊಡ್ಡ ಟೋಪಿಯೊಳಗೆ ಮುಳುಗಿದ ಪುಟ್ಟ ಹಟಮಾರಿ ಹುಡುಗನನ್ನಾಗಿ ಮಾಡಿದ. ನೆಪೋಲಿಯನ್ ಆ ಕಾಲದ ಫ್ರೆಂಚರಲ್ಲಿ ಗಿಡ್ಡನೇನೂ ಅಲ್ಲ, ಸುಮಾರು 5 ಅಡಿ 6 ಅಂಗುಲದವನು. ಆದರೆ ಇಂದಿಗೂ ಲೋಕ ಅವನನ್ನು ಗಿಡ್ಡನೆಂದೇ ನಂಬಿದೆ. ಯುವರಾಜನ ಹೊಟ್ಟೆ ಸಾಕ್ಷಿ, ನೆಪೋಲಿಯನ್ನನ ಎತ್ತರ ಸುಳ್ಳು, ನನ್ನ ವಾರ್ಡನ್ನರ ಕಾಲು ಕ್ರೌರ್ಯ. ಹೀಗೆ ಮೂರು ಡಬ್ಬಿ ಮಾಡಿ ಇಟ್ಟುಕೊಂಡಿದ್ದೆ.

ಗೆಳತಿಯ ಪ್ರಶ್ನೆ ಈ ಡಬ್ಬಿಗಳನ್ನು ಉರುಳಿಸಿತು. ಶ್ರೀರಂಗಪಟ್ಟಣದ ಚಿತ್ರವನ್ನು ಮತ್ತೆ ನೋಡಿ. ಅದರಲ್ಲಿ ಯಾರ ಅಂಗವೈಕಲ್ಯವನ್ನೂ ಹಂಗಿಸಿಲ್ಲ. ಕಾರ್ನ್‌ವಾಲಿಸ್ ಹಿಮ್ಮೆಟ್ಟಿದ್ದು ನಿಜ. 1791ರ ಮೇ ತಿಂಗಳಲ್ಲಿ ಅರಕೆರೆಯ ಹತ್ತಿರ ಗೆದ್ದರೂ, ಮಳೆ ಹಿಡಿದು, ದವಸ ಮುಗಿದು, ಎತ್ತುಗಳು ಸತ್ತು, ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಅವನು ಬೆಂಗಳೂರಿನ ಕಡೆಗೆ ಹೊರಟ. ಹಾಗಾಗಿ ಚಿತ್ರದ ವ್ಯಂಗ್ಯಕ್ಕೆ ಆಧಾರವಿದೆ. ತಪ್ಪೆಲ್ಲಿ?

ಟಿಪ್ಪುವಿನ ಮುಖದಲ್ಲಿ. ಗಿಲ್‌ರೇ ಲಂಡನ್ನಿನ ರಾಜಕಾರಣಿಗಳನ್ನು ಕಣ್ಣಾರೆ ನೋಡಿ, ಸಣ್ಣ ಕಾರ್ಡುಗಳ ಮೇಲೆ ಗೀಚಿಕೊಳ್ಳುತ್ತಿದ್ದ. ಅದಕ್ಕೇ ಅವನ ಪಿಟ್, ಅವನ ಫಾಕ್ಸ್ ಎಷ್ಟೇ ವಿಕಾರವಾಗಿದ್ದರೂ ಮನುಷ್ಯರು. ಉದ್ದ ಮೂಗಿಗೂ ಗಡ್ಡದ ನೆರಳಿಗೂ ಒಬ್ಬ ಮಾಲೀಕನಿದ್ದಾನೆ. ಟಿಪ್ಪುವನ್ನು ಅವನು ನೋಡಿರಲಿಲ್ಲ. ಇಲ್ಲಿ ಇರುವುದು ಪೇಟ ತೊಟ್ಟ ಒಬ್ಬ ಪೂರ್ವದೇಶದ ದೊರೆ. ಆ ಪೇಟದ ಕೆಳಗೆ ಯಾರನ್ನು ಇಟ್ಟರೂ ನಡೆಯುತ್ತಿತ್ತು. ಇಂಗ್ಲಿಷರು ಇಂಗ್ಲಿಷರನ್ನು ಹಂಗಿಸಲು ಬಳಸಿದ ಪಿಚಕಾರಿ ಅವನು. ನಾನು ‘ನಮ್ಮವ’ ಎಂದು ನಕ್ಕದ್ದು ಪಿಚಕಾರಿಯನ್ನು ನೋಡಿ.

ಪೇಟವಾದರೂ ಸಿಕ್ಕಿತು. ಪೇಟವೂ ಸಿಗದೆ ಹೋದವರಿದ್ದಾರೆ. ಆ ಕಾಲದ ಸೈನ್ಯದ ಹಿಂದೆ ಸೈನಿಕರಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ ನಡೆಯುತ್ತಿದ್ದರು. ಎತ್ತು ಹೊಡೆಯುವವರು, ಹುಲ್ಲು ತರುವವರು, ಅಡುಗೆಯವರು, ಅವರ ಹೆಂಡಿರು ಮಕ್ಕಳು. ಆ ಮೇ ತಿಂಗಳ ಮಳೆಯಲ್ಲಿ ಮೊದಲು ಹಸಿದವರು ಅವರು. ಸುತ್ತಲಿನ ಹಳ್ಳಿಗಳ ಮೇವೂ ಧಾನ್ಯವೂ ಯಾರ ಕೈಗೂ ಸಿಗದಂತೆ ಮೊದಲೇ ನಾಶವಾಗಿತ್ತು. ಗಿಲ್‌ರೇಯ ಮಾನ್ಸೂನಿನಲ್ಲಿ ಅವರ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ವ್ಯಂಗ್ಯಚಿತ್ರಕ್ಕೆ ಗುರುತು ಸಿಗುವ ಮುಖ ಬೇಕು. ಮುಖ ಗೊತ್ತಿಲ್ಲದವರ ಸಂಕಟವನ್ನು ಹಾಸ್ಯಕ್ಕೆ ತರಲಾಗದು ಎನ್ನುವುದು ಸರಿ. ಆದರೆ ಆ ಹಾಸ್ಯ ಮುಗಿಯುವ ಹೊತ್ತಿಗೆ ನಡೆದದ್ದೆಲ್ಲ ಇಷ್ಟೇ ಎಂದು ನಮಗೆ ಅನ್ನಿಸಿಬಿಡುತ್ತದೆ.

ನೋಡದೆ ಬರೆಯುವುದು ಇನ್ನೂ ದೂರ ಹೋಗಬಲ್ಲದು. 1792ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಸಾವಿರಕ್ಕೂ ಹೆಚ್ಚು ಜನರ ಕೊಲೆಯಾಯಿತು. ಆ ತಿಂಗಳು ಮುಗಿಯುವ ಮೊದಲೇ ಗಿಲ್‌ರೇಯ ಮುದ್ರಿಕೆ ಹೊರಬಂತು. ಪ್ಯಾರಿಸ್ಸಿನ ಒಂದು ಬಡ ಸಂಸಾರ ನರಮಾಂಸದ ರಾತ್ರಿಯೂಟಕ್ಕೆ ಕೂತಿದೆ, ಮುದುಕಿ ಮಗುವೊಂದನ್ನು ಬೆಂಕಿಯಲ್ಲಿ ಸುಡುತ್ತಿದ್ದಾಳೆ. ಕೊಲೆಗಳು ನಿಜ, ಭಯಂಕರ. ಆದರೆ ಚಿತ್ರದ ಗುರಿ ಕೊಂದವರಷ್ಟೇ ಅಲ್ಲ, ಆ ಬಟ್ಟೆ ತೊಟ್ಟ ಬಡವರೆಲ್ಲ. ಆಚೆಯ ಪ್ಯಾರಿಸ್ಸಿನಲ್ಲೂ ಇದೇ ನಡೆದಿತ್ತು. 1791ರಲ್ಲಿ ತಪ್ಪಿಸಿಕೊಂಡು ಓಡಲು ಹೋಗಿ ಸಿಕ್ಕಿಬಿದ್ದ ಹದಿನಾರನೇ ಲೂಯಿಯನ್ನು ಅಲ್ಲಿನ ಮುದ್ರಿಕೆಗಳು ಹಂದಿಯನ್ನಾಗಿ ಮಾಡಿದವು. ರಾಣಿಯನ್ನು ಅಶ್ಲೀಲವಾಗಿ ಬರೆದ ಚಿತ್ರಗಳೂ ಹಾಳೆಗಳೂ ವರ್ಷಗಟ್ಟಲೆ ಕೈಯಿಂದ ಕೈಗೆ ಸಾಗಿದ್ದವು. 1793ರಲ್ಲಿ ಅವಳ ವಿಚಾರಣೆ ನಡೆದಾಗ, ಹೆತ್ತ ಮಗನೊಡನೆಯೇ ಕೆಟ್ಟದಾಗಿ ನಡೆದುಕೊಂಡಳು ಎಂಬ ಆರೋಪವನ್ನು ನ್ಯಾಯಾಲಯದಲ್ಲಿ ನಿಂತು ಹೇಳುವವರು ಸಿಕ್ಕರು. ಚಿತ್ರಗಳೇ ಕೊಂದವು ಎಂದು ನಾನು ಹೇಳಲಾರೆ. ಗಿಲೊಟಿನ್ನಿಗೆ ಬೇರೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಅಂಥ ಮಾತು ಕೇಳಿ ನಾಚದೆ ಇರುವುದನ್ನು ಜನ ಎಲ್ಲೋ ಕಲಿತಿರಬೇಕು.

ಹಾಗಾದರೆ ವ್ಯಂಗ್ಯಚಿತ್ರ ಬೇಡವೇ? ಬೇಕು. ನಮ್ಮ ಅನ್ನದಲ್ಲಿ ಕಲ್ಲು ಇತ್ತು. ಅರ್ಜಿಗಳಿಗೆ ‘ನೋಡೋಣ’ ಎಂಬ ಉತ್ತರ ಸಿಗುವಲ್ಲಿ ನಗು ಒಂದೇ ದಾರಿಯಾಗಿರುವ ಸಂದರ್ಭಗಳಿವೆ. ಸಭ್ಯತೆಯ ಹೆಸರಿನಲ್ಲಿ ನಗುವನ್ನು ನಿಲ್ಲಿಸಿದರೆ ಲಾಭ ಯಾರಿಗೆಂದು ಹೇಳಬೇಕಾಗಿಲ್ಲ. ಆ ಯುವರಾಜನಿಗೆ ತನ್ನ ಮೇಲಿನ ಮುದ್ರಿಕೆಗಳನ್ನು ಕೊಂಡುಕೊಳ್ಳುವಷ್ಟು, ಬೇಡದ್ದನ್ನು ಹಣ ಕೊಟ್ಟು ಅಡಗಿಸುವಷ್ಟು ಶಕ್ತಿಯಿತ್ತು. ಅವನ ಪರವಾಗಿ ನಾನು ಮರುಗಬೇಕಿಲ್ಲ. ‘ಮೇಲಿನವರನ್ನು ಹಂಗಿಸು, ಕೆಳಗಿನವರನ್ನು ಬಿಡು’ ಎಂಬ ಮಾತಿನಲ್ಲೂ ಸತ್ಯವಿದೆ. ಆದರೆ ಅದೂ ಪೂರ್ತಿ ಸಾಲದು. ವಾರ್ಡನ್ ನಮಗೆ ಮೇಲಿನವರು, ಕುಂಟುವವರಾಗಿ ನಮಗಿಂತ ಕೆಳಗಿನವರು. ಒಂದೇ ದೇಹದಲ್ಲಿ ಇಬ್ಬರೂ ಇದ್ದರು. ನನ್ನ ಗುರಿ ಮೊದಲನೆಯವರ ಮೇಲಿತ್ತು, ಕಲ್ಲು ಹೋಗಿ ತಾಗಿದ್ದು ಎರಡನೆಯವರಿಗೆ.

ಹಾಗಾಗಿ ಈಗ ನಾನು ಚಿತ್ರವೊಂದರ ಮುಂದೆ ನಿಂತಾಗ ಕೇಳಿಕೊಳ್ಳುವುದು ಚಿಕ್ಕ ಪ್ರಶ್ನೆ: ಬರೆದವನು ಇವರನ್ನು ನೋಡಿದ್ದಾನೆಯೇ? ಕಣ್ಣಿನಿಂದ ನೋಡಲೇಬೇಕೆಂದಲ್ಲ. ಇವರು ಏನು ಮಾಡಿದರು, ಯಾಕೆ ಮಾಡಿದರು ಎಂಬುದನ್ನು ನೋಡುವಷ್ಟು ವ್ಯವಧಾನ ಇತ್ತೇ, ಅಥವಾ ಸುಲಭಕ್ಕೆ ಸಿಕ್ಕ ಪೇಟ, ಸುಲಭಕ್ಕೆ ಸಿಕ್ಕ ಕಾಲು ಸಾಕಾಯಿತೇ? ಉತ್ಪ್ರೇಕ್ಷೆ ಮಾಡಲು ಹಕ್ಕು ಬರುವುದು ನೋಡಿದ ಮೇಲೆ.

ಕಳೆದ ವರ್ಷ ಊರಿಗೆ ಹೋಗುವಾಗ ಬಸ್ ನಿಲ್ದಾಣದಲ್ಲಿ ವಾರ್ಡನ್ ಸಿಕ್ಕಿದರು. ನಿವೃತ್ತರಾಗಿದ್ದಾರೆ. ಕೂದಲು ಪೂರಾ ಬೆಳ್ಳಗಾಗಿದೆ. ನನ್ನ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಏನು ಓದುತ್ತಿದ್ದೀ ಎಂದು ಕೇಳಿದರು. ಹಳೆಯ ವ್ಯಂಗ್ಯಚಿತ್ರಗಳ ಬಗ್ಗೆ ಎಂದೆ. ಹೇಳಿದ ತಕ್ಷಣ ಬಾಯಿ ಒಣಗಿತು. ಅವರು ನಕ್ಕರು. ‘ನೀನೇ ಅಂತ ಆವತ್ತೇ ಗೊತ್ತಿತ್ತು. ಮೂಟೆ ಚೆನ್ನಾಗಿ ಬರೆದಿದ್ದೆ’ ಎಂದರು. ಕ್ಷಮೆ ಕೇಳಲು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರ ಬಸ್ ಬಂತು. ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡು, ಏನೋ ಸಣ್ಣ ವಿಷಯ ನೆನಪಾದವರಂತೆ ಹೇಳಿದರು: ‘ಒಂದೇ ತಪ್ಪು ಕಣಯ್ಯ. ನನ್ನದು ಬಲಗಾಲು. ನೀನು ಎಡಗಾಲು ಬರೆದಿದ್ದೆ.’

ಮೂರು ವರ್ಷ ದಿನವೂ ಅವರನ್ನು ನೋಡಿದ್ದೆ. ತಾಮ್ರದ ತಗಡು ಎಡಬಲ ಮಾಡಿತು ಎಂದು ಹೇಳಿ ತಪ್ಪಿಸಿಕೊಳ್ಳಲು ನಾನು ಬರೆದದ್ದು ತಗಡಿನ ಮೇಲಾಗಿರಲಿಲ್ಲ.