ಸೂಕ್ಷ್ಮದರ್ಶಕದ ತಿರುಪು ಯಾರ ಕೈಯಲ್ಲಿ?

ಈರುಳ್ಳಿ ಹೆಚ್ಚುವಾಗ ಎರಡು ಪದರಗಳ ನಡುವೆ ಒಂದು ತೆಳು ಪೊರೆ ಸಿಗುತ್ತದೆ. ಬೆರಳಿಗೆ ಅಂಟಿಕೊಂಡಿತೆಂದು ನಲ್ಲಿ ಬಿಟ್ಟು ತೊಳೆದುಬಿಡುತ್ತೇವೆ. ಅದರದೇ ಉಗುರಗಲದ ಚೂರನ್ನು ಗಾಜಿನ ಪಟ್ಟಿಯ ಮೇಲೆ ಹನಿ ನೀರಿನಲ್ಲಿ ಹರಡಿ, ತಿಳಿಮಾಡಿದ ಅಯೋಡಿನ್ ಒಂದು ತೊಟ್ಟು ಬಿಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಜೀವಕೋಶಗಳು ಸಾಲುಸಾಲಾಗಿ ಒತ್ತಿಕೊಂಡು ನಿಂತಿರುವುದು ಕಾಣುತ್ತದೆ. ಒಂದೊಂದರೊಳಗೂ ಕಂದು ಚುಕ್ಕೆಯಂಥ ಕೋಶಕೇಂದ್ರ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದರ ಚಿತ್ರವಿದೆ. ಮಕ್ಕಳು ಅದನ್ನು ನೋಡಿ ಬರೆದು, ಭಾಗಗಳನ್ನು ಗುರುತಿಸಿ ಅಂಕ ಪಡೆಯುತ್ತಾರೆ. ಈರುಳ್ಳಿಯ ಪೊರೆಯನ್ನೇ ನೋಡಿದವರು ಯಾರು ಎಂದು ಕೇಳಿದರೆ ಮೇಲೇಳುವ ಕೈಗಳು ಕಡಿಮೆ. ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸೂಕ್ಷ್ಮದರ್ಶಕ ಇದೆ, ಆದರೆ ಬೀರುವಿನಲ್ಲಿ ಭದ್ರವಾಗಿದೆ. ಒಡೆದರೆ ದಾಸ್ತಾನು ಪುಸ್ತಕದ ಮುಂದೆ ಉತ್ತರ ಹೇಳಬೇಕಾದವರು ಮೇಷ್ಟ್ರು. ತುಂಬಿದ ತರಗತಿ, ಮುಗಿಸಬೇಕಾದ ಪಾಠ, ಅದರ ನಡುವೆ ಒಂದೇ ಒಂದು ಯಂತ್ರ. ಅವರ ಅಂಜಿಕೆಯನ್ನು ತಪ್ಪೆನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಆ ಬೀರು ತೆಗೆಯಲು ಮೇಷ್ಟ್ರಿಗೆ ಇನ್ನಷ್ಟು ಕೈಗಳು ಬೇಕು, ಅಷ್ಟೇ. ಅವು ದೂರದಲ್ಲೇನೂ ಇಲ್ಲ. ಬಹುತೇಕ ತಾಲ್ಲೂಕು ಊರುಗಳಲ್ಲಿ ಈಗ ಪದವಿ ಕಾಲೇಜುಗಳಿವೆ, ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರ ಓದುವ ಹುಡುಗ ಹುಡುಗಿಯರಿದ್ದಾರೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಒಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆಗಳನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂಬ ನಿಯಮವಿದೆ. ಬೀದಿ ಗುಡಿಸುವುದು, ಗಿಡ ನೆಡುವುದು ಒಳ್ಳೆಯದೇ. ಆ ಗಂಟೆಗಳಲ್ಲಿ ಮೂರನೆಯ ಒಂದು ಭಾಗ, ಅಂದರೆ ಇಪ್ಪತ್ತು ಶನಿವಾರಗಳಲ್ಲಿ ಎರಡೆರಡು ಗಂಟೆ, ಪಕ್ಕದ ಸರ್ಕಾರಿ ಪ್ರೌಢಶಾಲೆಯ ಒಂದೇ ಒಂದು ತರಗತಿಗೆ ಮೀಸಲಾದರೆ ಏನೇನಾದೀತು ಎಂದು ಯೋಚಿಸಿ. ಏಳೆಂಟು ಮಕ್ಕಳಿಗೆ ಒಬ್ಬ ಅಕ್ಕ ಅಥವಾ ಅಣ್ಣ. ಇವರು ಪ್ರಾಧ್ಯಾಪಕರಷ್ಟು ಬಲ್ಲವರಲ್ಲ, ನಿಜ. ಆದರೆ ಹತ್ತನೇ ತರಗತಿ ದಾಟಿ ಮೂರು ನಾಲ್ಕು ವರ್ಷವಷ್ಟೇ ಆಗಿರುವುದರಿಂದ ತಾವು ಎಡವಿದ ಜಾಗಗಳು ಅವರಿಗೆ ಇನ್ನೂ ನೆನಪಿವೆ. ಅವರಲ್ಲೂ ಹಲವರು ಕನ್ನಡ ಮಾಧ್ಯಮದಿಂದ ಬಂದವರು. ಪಿಯುಸಿಯ ಮೊದಲ ತಿಂಗಳುಗಳಲ್ಲಿ ಇಂಗ್ಲಿಷ್ ಪಾಠ ತಲೆಗೆ ಹೋಗದೆ ಬ್ಯಾಗು ಕಟ್ಟಿ ಊರಿಗೆ ಹೊರಟುಬಿಡೋಣವೇ ಎಂದುಕೊಂಡವರು. ಪತ್ರರಂಧ್ರ ತೋರಿಸುತ್ತ, ‘ಮುಂದೆ ಇದನ್ನೇ ಸ್ಟೊಮ್ಯಾಟ ಅಂತಾರೆ, ವಸ್ತು ಇದೇ, ಹೆದರಬೇಡ’ ಎಂದು ಅಂಥವರು ಹೇಳಿದರೆ ಮಗು ನಂಬುತ್ತದೆ.

ಕಷ್ಟದ ಸಂಗತಿ ಬೇರೆಯೇ ಇದೆ. ಉತ್ಸಾಹದಿಂದ ಬಂದ ಕಾಲೇಜು ಹುಡುಗರು ಪೊರೆಯನ್ನೂ ತಾವೇ ಸುಲಿಯುತ್ತಾರೆ, ಬಣ್ಣವನ್ನೂ ತಾವೇ ಹಾಕುತ್ತಾರೆ, ತಿರುಪು ತಿರುಗಿಸಿ ಬಿಂಬವನ್ನೂ ತಾವೇ ಸ್ಪಷ್ಟ ಮಾಡಿಕೊಡುತ್ತಾರೆ. ಮಕ್ಕಳು ಸಾಲಾಗಿ ಬಂದು, ಒಂದು ಕಣ್ಣು ಮುಚ್ಚಿ ಇಣುಕಿ, ‘ಕಾಣ್ತು ಅಣ್ಣ’ ಎಂದು ಮುಂದೆ ಸರಿಯುತ್ತಾರೆ. ಕಂಡದ್ದೇನು ಎಂದು ಯಾರೂ ಕೇಳುವುದಿಲ್ಲ. ಮಗು ತಾನೇ ಮಾಡಿದಾಗ ಪೊರೆ ಮಡಚಿಕೊಳ್ಳುತ್ತದೆ, ಮುಚ್ಚುಗಾಜಿನ ಕೆಳಗೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ ಆ ದುಂಡನೆಯ ಗುಳ್ಳೆಯನ್ನು ನೋಡಿ ‘ಕೋಶ ಸಿಕ್ಕಿತು’ ಎಂದು ಕೂಗದ ಮಗುವೇ ಅಪರೂಪ. ಅಣ್ಣನ ನಾಲಿಗೆಯ ತುದಿಯಲ್ಲಿ ಉತ್ತರವಿದೆ. ಅದನ್ನು ನುಂಗಿಕೊಂಡು, ‘ಗಾಜನ್ನು ಸೂಜಿಯಿಂದ ಮೆಲ್ಲಗೆ ಒತ್ತಿ ನೋಡು, ಅದು ಅಲ್ಲಾಡುತ್ತದೆಯೇ? ಪಕ್ಕದವಳ ಸ್ಲೈಡಿನಲ್ಲೂ ಹೀಗೇ ಇದೆಯೇ?’ ಎಂದಷ್ಟೇ ಅವನು ಕೇಳಬೇಕು. ಐದು ನಿಮಿಷ ಹೋಗುತ್ತದೆ. ಮಗು ತಾನಾಗಿ ಗುಳ್ಳೆಯನ್ನು ಗುರುತಿಸುತ್ತದೆ, ಮುಂದಿನ ಸಲ ಗಾಜನ್ನು ಓರೆಯಾಗಿ ಹಿಡಿದು ನಿಧಾನವಾಗಿ ಇಳಿಸುತ್ತದೆ. ಮಕ್ಕಳ ಕೈಗೆ ಲಟ್ಟಣಿಗೆ ಕೊಟ್ಟು, ವಕ್ರವಾಗುತ್ತಿರುವ ಚಪಾತಿಯನ್ನು ನೋಡುತ್ತ ಸುಮ್ಮನೆ ನಿಂತ ಯಾವ ತಾಯಿಗಾದರೂ ಈ ಐದು ನಿಮಿಷದ ಸಂಯಮ ಎಷ್ಟು ಕಷ್ಟವೆಂದು ಗೊತ್ತು. ದಾಸವಾಳವನ್ನು ಸೀಳುವಾಗಲೂ ಇದೇ ಕ್ರಮ. ಬ್ಲೇಡಿನ ಅಂಚಿಗೆ ಅಣ್ಣನ ಕಣ್ಣಿರಲಿ. ಅಂಡಾಶಯದಲ್ಲಿ ಐದು ಕೋಣೆಗಳಿವೆ ಎಂದು ಎಣಿಸುವ ಬೆರಳು ಮಗುವಿನದಾಗಿರಲಿ. ಆಮೇಲೆ ಚಿತ್ರ ಬರೆಯುವಾಗ ಪುಸ್ತಕ ಮುಚ್ಚಿರಲಿ. ಕಂಡದ್ದನ್ನು ಬರೆದ ಸೊಟ್ಟ ಚಿತ್ರಕ್ಕೆ ನಾನಾದರೆ ಹೆಚ್ಚು ಅಂಕ ಕೊಡುತ್ತೇನೆ.

ಹೀಗೆ ಕಲಿತ ಜೀವಶಾಸ್ತ್ರ ಮನೆಯವರೆಗೂ ಬರುತ್ತದೆ. ಬಯಲಿನಲ್ಲಿ ನಿಂತ ನೀರಿನಿಂದ ಸೊಳ್ಳೆಯ ಮರಿಗಳನ್ನು ಗಾಜಿನ ಬಾಟಲಿಗೆ ತುಂಬಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಕಿಟಕಿಯಲ್ಲಿಟ್ಟರೆ ಸಾಕು. ಮಲೇರಿಯಾ ಹರಡುವ ಅನಾಫಿಲಿಸ್‌ನ ಮರಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಕ್ಯೂಲೆಕ್ಸ್‌ನದು ಉಸಿರಾಟದ ಕೊಳವೆಯನ್ನು ಮೇಲಕ್ಕಿಟ್ಟು ತಲೆಕೆಳಗಾಗಿ ಓರೆಯಾಗಿ ನೇತಾಡುತ್ತದೆ. ಮರಿ ಕೋಶಾವಸ್ಥೆಗೆ ಹೋಗುವುದನ್ನು ಕಂಡ ಮಕ್ಕಳು ಅಷ್ಟರಲ್ಲೇ ಬಿಸಿನೀರು ಸುರಿದು ಪ್ರಯೋಗ ಮುಗಿಸುತ್ತಾರೆ. ಡೆಂಗಿ ತರುವ ಈಡಿಸ್ ಸೊಳ್ಳೆಯ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು ಎಂದು ಅವರು ಅಜ್ಜಿಗೆ ಹೇಳಿದರೆ ಅದು ಗೋಡೆಯ ಮೇಲಿನ ಬರಹದಂತೆ ಮರೆತುಹೋಗುವ ಮಾತಲ್ಲ. ಹಳ್ಳಿಯ ಮಕ್ಕಳಿಗೆ ಇದೆಲ್ಲ ಸಾಧ್ಯವೇ ಎಂಬ ಶಂಕೆಗೆ ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ, ಮಕ್ಕಳು ತಾವೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮ ಶುರುವಾಯಿತು. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಬಂದು ಹಳ್ಳಿಯ ಮೇಷ್ಟ್ರುಗಳ ಜೊತೆ ಕುಳಿತರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. ಮುಂದೆ ಇಡೀ ಜಿಲ್ಲೆಗೆ ಹಬ್ಬಿದ ಆ ಕೆಲಸವನ್ನು ಸರ್ಕಾರ 2002ರಲ್ಲಿ ನಿಲ್ಲಿಸಿದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಒಡೆಯುವ ಭಯಕ್ಕೂ ಈಗ ಮದ್ದಿದೆ: ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿ ಜಿಮ್ ಸಿಬುಲ್‌ಸ್ಕಿ ರೂಪಿಸಿದ, ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕವಾದ ಫೋಲ್ಡ್‌ಸ್ಕೋಪ್. ಕೆಳಗೆ ಬಿದ್ದರೂ ಅದು ಸುಲಭಕ್ಕೆ ಹಾಳಾಗುವುದಿಲ್ಲ, ಮಕ್ಕಳು ಜೇಬಿನಲ್ಲಿಟ್ಟು ಮನೆಗೂ ಒಯ್ಯಬಹುದು.

ಒಂದು ದಿನ ಬಂದು, ಬ್ಯಾನರ್ ಕಟ್ಟಿ, ಫೋಟೋ ತೆಗೆಸಿಕೊಂಡು ಹೋದರೆ ಇದಾವುದೂ ನಡೆಯುವುದಿಲ್ಲ. ಅದೇ ಅಕ್ಕ ಮುಂದಿನ ಶನಿವಾರವೂ ಬರಬೇಕು, ಮಕ್ಕಳ ಹೆಸರು ಹಿಡಿದು ಕರೆಯಬೇಕು. ನಮ್ಮ ಮನೆಯ ಮಗಳು ಅಂಥ ಅಕ್ಕನಾದರೆ, ಶನಿವಾರ ತಡವಾಗಿ ಬಂದಳೆಂದು ಗದರಿಸದೆ ಊಟ ಎತ್ತಿಡೋಣ. ಏಕೆಂದರೆ ಸ್ಲೈಡು ತೊಳೆದು ಪೆಟ್ಟಿಗೆ ಮುಚ್ಚಿದ ಮೇಲೆ, ಉಳಿದವರೆಲ್ಲ ಹೊರಟ ನಂತರ, ಒಬ್ಬ ಹುಡುಗಿ ಹತ್ತಿರ ಬಂದು ಕೇಳುತ್ತಾಳೆ: ‘ಅಕ್ಕ, ಪಿಯುಸಿಗೆ ಸೈನ್ಸ್ ತಗೊಂಡ್ರೆ ತುಂಬಾ ಖರ್ಚಾಗುತ್ತಾ?’ ಅಪ್ಪ ಗಾರೆ ಕೆಲಸದವರು, ಅಮ್ಮ ಮನೆಗೆಲಸಕ್ಕೆ ಹೋಗುವವರು; ಆ ಮನೆಯಲ್ಲಿ ಕಾಲೇಜಿನ ಅರ್ಜಿ ತುಂಬಿದವರು ಯಾರೂ ಇಲ್ಲ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಬಿಸಿಎಂ ಹಾಸ್ಟೆಲ್, ವಿದ್ಯಾರ್ಥಿವೇತನ, ಸೈನ್ಸ್ ಬೇಡವೆನಿಸಿದರೆ ಪ್ಯಾರಾಮೆಡಿಕಲ್ ಅಥವಾ ಕೃಷಿ ಡಿಪ್ಲೊಮಾ, ಇದೆಲ್ಲವನ್ನೂ ಅಕ್ಕ ಅವಳ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಡಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶ ಬರುವ ಮೊದಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳುವಂತೆಯೂ ಹೇಳಬೇಕು.