ಚೀಲದಿಂದ ಎತ್ತಿದ ಕೊಬ್ಬರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ಉಂಡೆಕೊಬ್ಬರಿಯಾಗುತ್ತದೆ. ಕೊಳ್ಳುವವನು ಚೀಲದಿಂದ ನಾಲ್ಕಾರು ತೆಗೆದು ನೋಡುತ್ತಾನೆ. ಕೌಟಾದ ಒಂದನ್ನೇ ಎತ್ತಿ ಇಡೀ ಚೀಲಕ್ಕೆ ಬೆಲೆ ಕಟ್ಟಿದರೆ ಬೆಳೆದವನಿಗೆ ಅನ್ಯಾಯ. ಕೌಟನ್ನು ಅಡಿಯಲ್ಲಿ ಬಚ್ಚಿಟ್ಟು ಮಾರಿದರೆ ಕೊಂಡವನಿಗೆ ಮೋಸ.

ಉರ್ದು ಪತ್ರಿಕೆಗಳು ಏನು ಬರೆಯುತ್ತವೆ ಎಂದು ಉರ್ದು ಬಾರದವರಿಗೆ ತಿಳಿಸುವ ಪತ್ರಕರ್ತನ ಕೆಲಸವೂ ಇಂಥದ್ದೇ. ಓದುಗನಿಗೆ ಚೀಲ ಕಾಣುವುದಿಲ್ಲ, ಎತ್ತಿ ತೋರಿಸಿದ್ದಷ್ಟೇ ಕಾಣುತ್ತದೆ. ಹಾಗಿರುವಾಗ ಈ ಪತ್ರಕರ್ತ ಯಾರಿಗೆ ಋಣಿ? ತನ್ನ ಸಮುದಾಯಕ್ಕೋ, ಓದುಗನಿಗೋ?

ಉರ್ದುವಿನ ಮೊದಲ ಪತ್ರಿಕೆ 'ಜಾಮೆ ಜಹಾನ್ ನುಮಾ' 1822ರಲ್ಲಿ ಕಲ್ಕತ್ತೆಯಲ್ಲಿ ಹೊರಟಿತು. ಅದನ್ನು ನಡೆಸಿದವರು ಹರಿಹರ ದತ್ತ ಮತ್ತು ಸದಾಸುಖ ಲಾಲ್. 1857ರಲ್ಲಿ 'ದೆಹಲಿ ಉರ್ದು ಅಖ್ಬಾರ್'ನ ಮೌಲವಿ ಮುಹಮ್ಮದ್ ಬಾಖಿರ್ ಬ್ರಿಟಿಷರ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಅನಂತರ ಸರಕಾರವು ದೇಶಭಾಷೆಗಳ ಪತ್ರಿಕೆಗಳಿಂದ ಬರಹ ಆರಿಸಿ, ಅನುವಾದಿಸಿ ಅಧಿಕಾರಿಗಳಿಗೆ ಒದಗಿಸತೊಡಗಿತು. ಅದು ಆಳುವವರ ಓದು. ಸಂಶಯದಿಂದ ಓದುವವನಿಗೆ ಸಂಶಯಕ್ಕೆ ಬೇಕಾದದ್ದೇ ಸಿಗುತ್ತದೆ.

ಆ ಸಂಶಯ ನಮ್ಮ ನಾಡಿಗೂ ಹೊಸದಲ್ಲ. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿದಾಗ ಗಲಭೆಯೆದ್ದು ಜನ ಸತ್ತರು. ಆ ವಾರ್ತೆಯಲ್ಲಿ ಏನಿತ್ತೆಂದು ವಿಚಾರಿಸಿದವರೆಷ್ಟು?

ಹಾಗೆಂದು ತಪ್ಪು ಒಂದೇ ಕಡೆಯದಲ್ಲ. ನಮ್ಮಲ್ಲೂ ಅನೇಕರು ಮನೆಯಲ್ಲಿ ದಖ್ಖನಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತವರು. ಉರ್ದು ಲಿಪಿ ಬಾರದು. ಬೆಂಗಳೂರಿನ 'ಸಾಲಾರ್', ಹೈದರಾಬಾದಿನ 'ಸಿಯಾಸತ್' ಬರೆದದ್ದನ್ನು ನಾವೂ ಇನ್ನೊಬ್ಬರಿಂದಲೇ ಕೇಳಬೇಕು. ಆದರೂ ಉರ್ದು ಪತ್ರಿಕೆಯ ಉತ್ಪ್ರೇಕ್ಷೆಯನ್ನೋ ಉದ್ರೇಕವನ್ನೋ ಯಾರಾದರೂ ಎತ್ತಿ ತೋರಿಸಿದರೆ, "ಮನೆಯ ಮಾತನ್ನು ಬೀದಿಗೇಕೆ ತಂದೆ?" ಎನ್ನುತ್ತೇವೆ. ಎದುರಾಳಿಗೆ ಅಸ್ತ್ರ ಸಿಕ್ಕೀತೆಂಬ ಆ ಭಯ ಸುಳ್ಳಲ್ಲ. ಆದರೆ ಅಚ್ಚಾದದ್ದು ಮನೆಯ ಮಾತಲ್ಲ. ಕೆಟ್ಟದ್ದನ್ನು ಮುಚ್ಚಿಟ್ಟವನು ನಾಳೆ ಒಳ್ಳೆಯದನ್ನು ತೋರಿಸಿದರೂ ಯಾರೂ ನಂಬುವುದಿಲ್ಲ.

ಹೀಗಾಗಿ ಈ ವೃತ್ತಿ ಹಿಡಿದವನಿಗೆ ಎರಡೂ ಕಡೆಯ ಬೈಗುಳ ತಪ್ಪದು. ಇಲ್ಲಿ ದ್ರೋಹಿ, ಅಲ್ಲಿ ಸಮುದಾಯದ ವಕೀಲ. ನಮ್ಮ ದೃಷ್ಟಿಯಲ್ಲಿ ಅವನಿಗೆ ಎರಡು ಪರೀಕ್ಷೆಗಳು ಸಾಕು. ಅವನ ಸಾರಾಂಶ ಕೇಳಿದ ಉರ್ದು ಸಂಪಾದಕ, "ಹೌದು, ನಾನು ಬರೆದದ್ದು ಇದನ್ನೇ" ಎನ್ನಬೇಕು. ಉರ್ದು ಪತ್ರಿಕೆಯನ್ನು ತೂಗಿದ ತಕ್ಕಡಿಯಲ್ಲೇ ಕನ್ನಡ, ಇಂಗ್ಲಿಷ್ ಪತ್ರಿಕೆಗಳನ್ನೂ ಅವನು ತೂಗಬೇಕು.

ಅಂಥವನು ಬಂದಾಗ ಅವನನ್ನು ತಡೆದುಕೊಳ್ಳುವ ಶಕ್ತಿ ನಮಗಿದೆಯೇ? ಚೀಲದ ಬಾಯಿ ಬಿಚ್ಚಲು ಹೆದರುವವನ ಮಾಲನ್ನು ಯಾವ ಸಂತೆಯಲ್ಲೂ ಯಾರೂ ನಂಬಿ ಕೊಳ್ಳುವುದಿಲ್ಲ.